ಹಾಡಿಗೆ ಮುಂಚಿನ ಎಣಿಕೆ

ಅಟ್ಟದಿಂದ ಅರ್ಧ ಇಳಿದ ಟೇಪ್ ಮೆಷಿನ್ನು ರೀಲಣ್ಣನ ಎದೆಗೆ ಆತುಕೊಂಡು ನಿಂತುಬಿಟ್ಟಿತ್ತು. ಮೇಲಕ್ಕೆ ತಳ್ಳೋಣವೆಂದರೆ ತೋಳಲ್ಲಿ ಕಸುವಿಲ್ಲ, ಕೆಳಕ್ಕೆ ಬಿಡೋಣವೆಂದರೆ ಧೈರ್ಯವಿಲ್ಲ. ಕಾಲ ಕೆಳಗಿನ ಸ್ಟೂಲು ಒಂದೇ ಸಮನೆ ಅಲುಗುತ್ತಿತ್ತು. ಅದರ ಕಾಲುಗಳನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ ಹೆಂಡತಿ ಕತ್ತೆತ್ತಿ ನೋಡಿದಳು.

“ಈ ವಾರಕ್ಕೆ ಒಂದು ಸಾವು ಸಾಕು ಕಣ್ರೀ. ಪಕ್ಕದ ಮನೆಯವರನ್ನ ಕೂಗ್ಲಾ?”

“ಯಾರೂ ಬೇಡ. ನೀನು ಸ್ಟೂಲು ಬಿಡ್ಬೇಡ, ಅಷ್ಟು ಮಾಡು.”

“ಬೆಳಿಗ್ಗೆಯಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀರಿ. ಒಂದು ಲೋಟ ನೀರಾದ್ರೂ ಕುಡ್ದಿದೀರಾ?”

ರೀಲಣ್ಣ ಉಸಿರು ಬಿಗಿಹಿಡಿದು, ಮೆಷಿನ್ನನ್ನು ಹೊಟ್ಟೆಯ ಮೇಲೆ ಜಾರಿಸಿಕೊಂಡು, ಅಂಗಿಯ ಎರಡು ಗುಂಡಿ ಕಿತ್ತುಕೊಂಡು ಹೇಗೋ ಅದಕ್ಕೆ ನೆಲ ಕಾಣಿಸಿದ. ಗಡಿಯಾರ ನೋಡಿದ. ಹತ್ತೂಕಾಲು.

ಒಂಬತ್ತಕ್ಕೆ ಫೋನು ಬಂದಿತ್ತು. ಹತ್ತಿಯ ಮಗಳು. ಹತ್ತಿ ಎಂದರೆ ಹಾಸಿಗೆ ಮಾಡುತ್ತಿದ್ದ ಗೆಳೆಯ. ಹುಡುಗನಾಗಿದ್ದಾಗಿನಿಂದ ತಲೆಗೂದಲ ತುಂಬ ಹತ್ತಿಯ ಎಳೆಗಳೇ ಇರುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು, ಕೂದಲು ಪೂರಾ ಉದುರಿದ ಮೇಲೂ ಬಿಟ್ಟುಹೋಗಲಿಲ್ಲ. ನಿನ್ನೆ ಸಂಜೆ ತೀರಿಕೊಂಡಿದ್ದ. ಆ ಸುದ್ದಿ ನಿನ್ನೆಯೇ ಬಂದಿತ್ತು. ಇವತ್ತಿನ ಫೋನು ಬೇರೆಯದಕ್ಕೆ.

“ಮಾಮ, ನೀವು ಮಾಡಿದ ಹಳೇ ರೀಲುಗಳು ಇದಾವಾ? ಅಪ್ಪನ ದನಿ ಇರೋದು?”

ಹತ್ತಿಯ ಗಂಟಲಿಗೆ ಆಪರೇಷನ್ ಆಗಿ ಹದಿನಾಲ್ಕು ವರ್ಷವಾಗಿತ್ತು. ಅವತ್ತಿನಿಂದ ದನಿ ಹೋಗಿ, ಏನಿದ್ದರೂ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದ. ಎಲ್ಲದಕ್ಕೂ ಮೊಬೈಲು ಎತ್ತಿ ಹಿಡಿಯುವ ಕಾಲ ಆ ಮನೆಗೆ ಬಂದದ್ದು ಆಮೇಲೆ. ಆಪರೇಷನ್ನಿಗೆ ಮುಂಚಿನ, ಮಗಳ ಮದುವೆಯ ವಿಡಿಯೊ ಒಂದಿತ್ತು. ಅದರಲ್ಲಿ ಹತ್ತಿ ನಗುತ್ತ, ಕೈ ಆಡಿಸುತ್ತ ನಾಲ್ಕು ನಿಮಿಷ ಮಾತಾಡುತ್ತಾನೆ. ವಿಡಿಯೊದವನು ಮಾತನ್ನೆಲ್ಲ ಅಳಿಸಿ ಮೇಲೆ ಸಿನಿಮಾ ಹಾಡು ಹಾಕಿದ್ದ.

“ಅಮ್ಮ ರಾತ್ರಿಯಿಂದ ಒಂದೇ ಮಾತು ಹೇಳ್ತಿದಾಳೆ ಮಾಮ, ಅವ್ರ ದನಿ ನನಗೆ ಮರ್ತೇ ಹೋಗಿದೆ ಅಂತ. ಹೇಳ್ಕೊಂಡು ಹೇಳ್ಕೊಂಡು ಅಳ್ತಾಳೆ. ನಿಮ್ಮ ತಂಡದ ಕ್ಯಾಸೆಟ್ಟು ಹಾಕಿ ನೋಡ್ದೆ. ಅದ್ರಲ್ಲಿ ಅಪ್ಪ ಬರೀ ಡ್ರಮ್ ಬಾರಿಸ್ತಾರೆ. ಒಂದು ಮಾತಿಲ್ಲ.”

“ಇದೆ” ಎಂದುಬಿಟ್ಟಿದ್ದ ರೀಲಣ್ಣ. “ನನ್ನ ಹತ್ರ ಇದೆ.”

“ನಾಲ್ಕು ಗಂಟೆಗೆ ಅಪ್ಪನ್ನ ಒಯ್ಯೋ ವ್ಯಾನು ಬರತ್ತೆ.”

“ಅಷ್ಟರೊಳಗೆ ತರ್ತೀನಿ” ಎಂದು ಫೋನಿಟ್ಟ. ಅದು ಇರುವುದು ನಿಜ. ನಲವತ್ಮೂರು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದೂ ನಿಜ. ಇವತ್ತು ಹೆಣದ ಮುಂದೆ ಅದನ್ನು ಹೊರತೆಗೆದರೆ, ಇಷ್ಟು ದಿನ ಯಾಕೆ ಕೊಡಲಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

*

ಆಗ ಅವರದೊಂದು ಹಾಡಿನ ತಂಡ, ನಾಲ್ಕು ಜನ. ಹಾಡುಗಾರ, ಗಿಟಾರಿನವನು, ಡ್ರಮ್ಮಿಗೆ ಹತ್ತಿ, ಮೆಷಿನ್ನಿಗೆ ರೀಲಣ್ಣ. ರೆಕಾರ್ಡಿಂಗಿಗೆ ಸ್ಟುಡಿಯೊ ಎಲ್ಲಿಂದ ತರಬೇಕು? ಹತ್ತಿಯ ಅಪ್ಪನ ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತಿಯ ಮೂಟೆಗಳಿದ್ದವು, ಹೊಲಿದಿಟ್ಟ ಹಾಸಿಗೆಗಳಿದ್ದವು. ಹಾಸಿಗೆಗಳನ್ನು ಗೋಡೆಗೆ ನಿಲ್ಲಿಸಿದರೆ ಬೀದಿಯ ಸದ್ದು ಒಳಗೆ ಬಾರದು. ಕೆಲಸದವರು ಊಟಕ್ಕೆ ಹೋಗುವ ಎರಡರಿಂದ ನಾಲ್ಕರವರೆಗೆ ಕೋಣೆ ಇವರದು.

ಒಂದೇ ತೊಡಕೆಂದರೆ, ಅದೇ ಹೊತ್ತಿಗೆ ಮಾಳಿಗೆಯ ಮೇಲೆ ಹತ್ತಿಯ ಅಜ್ಜಿ ಮಲಗುತ್ತಿದ್ದಳು. ಮುದುಕಿಗೆ ಮೂಗಿನ ತುದಿಯಲ್ಲೇ ಕೋಪ. ಮೊದಲ ದಿನ ಹತ್ತಿ ತನ್ನ ಎಂದಿನ ಹುರುಪಿನಲ್ಲಿ ಡ್ರಮ್ಮಿನ ಮೇಲೆ ಕೋಲು ಇಳಿಸಿದ್ದೇ ತಡ, ಮೇಲಿನಿಂದ ಊರುಗೋಲಿನ ಏಟು ಬಿತ್ತು. “ಮನೆ ಬೀಳ್ಸ್ತೀರೇನ್ರೋ!” ಮರುದಿನ ಹತ್ತಿ ಡ್ರಮ್ಮಿನ ಹೊಟ್ಟೆಯೊಳಗೆ ಹಳೆಯ ರಜಾಯಿ ತುರುಕಿದ, ಕೋಲಿನ ತುದಿಗೆ ಬಟ್ಟೆ ಸುತ್ತಿದ. ಹಾಡುಗಾರ ಕಿವಿಯಲ್ಲಿ ಗುಟ್ಟು ಹೇಳುವವನ ಹಾಗೆ ಹಾಡಿದ. ಹತ್ತಿಯ ಧೂಳು ಗಂಟಲಿಗಿಳಿದು ಅವನ ದನಿ ಅರ್ಧ ಉಸಿರೇ ಆಗಿತ್ತು, ಎರಡು ಸಾಲಿಗೊಂದು ಸೀನು ಬರುತ್ತಿತ್ತು. ಒಂದು ಬೇಸಗೆಯಲ್ಲಿ ಆರು ಹಾಡು ಮುಗಿದವು.

ಕ್ಯಾಸೆಟ್ಟು ಹೊರಬಂದಾಗ ಒಂದು ಪತ್ರಿಕೆ ಇದು ಸಾಫ್ಟ್ ರಾಕ್, ಹೊಸ ತಲೆಮಾರಿನ ಮೃದು ಮನಸ್ಸು ಎಂದು ಹೊಗಳಿತು. ನಾಲ್ವರೂ ಮೂಟೆಗಳ ಮೇಲೆ ಬಿದ್ದು ನಕ್ಕರು.

“ಮೃದು ಮನಸ್ಸಂತೆ! ಮೇಲೆ ಅಜ್ಜಿ ಮಲಗಿದ್ದಳು ಅಂತ ಬರೀಬೇಕಿತ್ತು ಕಣ್ರೋ” ಎಂದಿದ್ದ ಹತ್ತಿ.

ಪ್ರತಿ ಹಾಡಿಗೂ ಮುಂಚೆ ಅವನು ಎಣಿಸುತ್ತಿದ್ದ. ಬೇರೆ ಡ್ರಮ್ಮಿನವರು ಬಡಬಡನೆ ಎಣಿಸಿ ನುಗ್ಗುತ್ತಾರೆ. ಇವನು ಮನೆಗೆ ಬಂದವರಿಗೆ ಚಾಪೆ ಹಾಸಿ ಕೂರಿಸುವವನ ಹಾಗೆ ಮೊದಲು ಎಲ್ಲರನ್ನೂ ವಿಚಾರಿಸಿಕೊಂಡು, ಆಮೇಲೆ ಒಂದು, ಎರಡು ಎಂದು ನಿಧಾನವಾಗಿ ಶುರುಮಾಡುತ್ತಿದ್ದ.

ಆ ಎಣಿಕೆಯನ್ನು ಟೇಪಿನಿಂದ ಬ್ಲೇಡಿನಲ್ಲಿ ಕತ್ತರಿಸಿ ತೆಗೆದವನು ರೀಲಣ್ಣ. ಕ್ಯಾಸೆಟ್ ಕಂಪನಿಯವರು ಹೇಳಲಿಲ್ಲ, ಹಾಡುಗಾರ ಕೇಳಲಿಲ್ಲ. ಇಪ್ಪತ್ತೈದರ ವಯಸ್ಸು, ತನ್ನ ಕೆಲಸ ನುಣ್ಣಗಿರಬೇಕೆಂಬ ಹಮ್ಮು. ಅಂಗಡಿಯವನ ಹಾಗೆ ಎಣಿಸುವುದು ಕ್ಯಾಸೆಟ್ಟಿನಲ್ಲಿ ಕೇಳಿಸಿದರೆ ಹಳ್ಳಿಗುಗ್ಗುಗಳು ಅಂದುಕೊಳ್ಳುತ್ತಾರೆ ಎಂದು ತಾನೇ ತೀರ್ಮಾನಿಸಿದ. ಹತ್ತಿ ಕೇಳಿದಾಗ, “ಕಂಪನಿಯವರು ತೆಗ್ದು ಎಸೆದ್ರು ಕಣೋ” ಎಂದ.

ಹತ್ತಿ ರೇಗಲಿಲ್ಲ. “ಹಾಡು ಹಂಗೆ ಏಕಾಏಕಿ ಶುರುವಾದ್ರೆ ಕೇಳೋರಿಗೆ ಕೂರೋಕೆ ಟೈಮೇ ಸಿಗಲ್ವಲ್ಲೋ” ಎಂದ. ಅದೊಂದೇ ಮಾತು. ಮುಂದಿನ ವರ್ಷ ತಂಡ ಊರೂರು ತಿರುಗತೊಡಗಿದಾಗ ಅವನ ಅಪ್ಪ ಹಾಸಿಗೆ ಹಿಡಿದಿದ್ದ. ಹತ್ತಿ ಅಂಗಡಿಯಲ್ಲೇ ಉಳಿದ. ಬೇರೊಬ್ಬ ಡ್ರಮ್ಮಿನವನು ಬಂದ.

*

ಕತ್ತರಿಸಿದ ತುಂಡುಗಳನ್ನು ರೀಲಣ್ಣ ಎಸೆಯಲಿಲ್ಲ. ಅದು ಪ್ರೀತಿಯಿಂದಲ್ಲ, ಕಸುಬಿನ ಅಭ್ಯಾಸದಿಂದ. ಒಂದೊಂದು ಹಾಡಿಗೂ ಏಳೆಂಟು ಸಲ ಎಣಿಸಿದ್ದ ನಲವತ್ತಕ್ಕೂ ಹೆಚ್ಚು ತುಂಡುಗಳನ್ನು ಒಂದಕ್ಕೊಂದು ಅಂಟಿಸಿ ಒಂದು ಸಣ್ಣ ಸ್ಪೂಲಿಗೆ ಸುತ್ತಿ, ಡಬ್ಬಿಯ ಮೇಲೆ ‘ಟೆಸ್ಟ್’ ಎಂದು ಬರೆದಿಟ್ಟ. ಆಮೇಲೆ ರಿಪೇರಿ ಅಂಗಡಿ ತೆರೆದ. ರಿಪೇರಿಗೆ ಬಂದ ಪ್ರತಿ ಟೇಪ್ ಮೆಷಿನ್ನಿನ ಮೇಲೂ ಮೊದಲು ಓಡಿದ್ದು ಅದೇ ಸ್ಪೂಲು. ಎಣಿಕೆ ನೇರವಾಗಿ ಬಂದರೆ ಮೆಷಿನ್ನು ಸರಿ, ಅಲುಗಿದರೆ ಮೋಟಾರು ಕೆಟ್ಟಿದೆ. ಹತ್ತಿಯ ದನಿಯನ್ನು ಅವನ ಹೆಂಡತಿಗಿಂತ ಹೆಚ್ಚು ಸಲ ಕೇಳಿದವನು ತಾನೇ ಎಂದು ರೀಲಣ್ಣನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಡಬ್ಬಿ ಸಿಕ್ಕಿತು, ಮೆಷಿನ್ನಿನ ಹಿಂದೆಯೇ ಇತ್ತು. ತೆರೆದು ಮೊದಲ ಸುತ್ತು ಬಿಚ್ಚುತ್ತಿದ್ದಂತೆ ಟೇಪು ಎರಡು ತುಂಡಾಗಿ ಕೈಗೆ ಬಂತು. ಅಂಟು ಒಣಗಿ ಒಂದೊಂದು ಜೋಡಣೆಯೂ ಬಿಟ್ಟುಕೊಂಡಿತ್ತು. ಬೆರಳಿಗೆ ಕಂದು ಪುಡಿ ಮೆತ್ತಿಕೊಂಡಿತು. ಆ ಪುಡಿಯಲ್ಲೇ ದನಿ ಇರುವುದು. ಅದು ಉದುರುತ್ತಿದೆ ಎಂದರೆ ಈ ಟೇಪು ಇನ್ನೊಂದು ಸಲ ಓಡಬಹುದು, ಹೆಚ್ಚೆಂದರೆ ಎರಡು. ಮನೆಯಲ್ಲಿ ಓಡಿಸಿ ನೋಡುವ ಹಾಗಿಲ್ಲ.

“ಅಯ್ಯೋ, ಅಂಟು ಹಾಕೋದು ನಂಗೆ ಕೊಡಿ, ನಿಮ್ಮ ಕೈ ನಡುಗ್ತಿದೆ” ಎಂದಳು ಹೆಂಡತಿ.

“ಕೈ ನಡುಗ್ತಿಲ್ಲ.”

“ಮತ್ತೆ ಮೇಜು ನಡುಗ್ತಿದೆಯಾ?”

ಒಂದು ತುಂಡು ಅವನು ಹಿಡಿದು, ಒಂದು ಅವಳು ಅಂಟಿಸಿ, ಗಂಟೆ ಒಂದೂವರೆಯಾಯಿತು. ಆಮೇಲೆ ಮೆಷಿನ್ನಿನ ಮುಚ್ಚಳ ಬಿಚ್ಚಿದರೆ ಒಳಗಿನ ರಬ್ಬರ್ ಬೆಲ್ಟು ಕರಗಿ ಕಪ್ಪು ಅಂಟಾಗಿ ಚಕ್ರಕ್ಕೆ ಮೆತ್ತಿಕೊಂಡಿತ್ತು. ಅಂಥ ಬೆಲ್ಟು ಈಗ ಎಲ್ಲಿ ಸಿಗಬೇಕು? ರೀಲಣ್ಣ ತಲೆಯ ಮೇಲೆ ಕೈ ಹೊತ್ತು ಎರಡು ನಿಮಿಷ ಕೂತ. ಎದ್ದು ಬೀದಿ ತಿರುವಿನ ಸೈಕಲ್ ಅಂಗಡಿಗೆ ಓಡಿದ. ತೂತುಬಿದ್ದ ಟ್ಯೂಬು ಬೇಡಿ ತಂದು, ಕತ್ತರಿಯಿಂದ ಉಂಗುರದ ಹಾಗೆ ತೆಳ್ಳಗೆ ಕೊಯ್ದ. ಮೊದಲನೆಯದು ಸೊಟ್ಟಗಾಯಿತು, ಎರಡನೆಯದು ಹರಿಯಿತು. ಮೂರನೆಯದು ಚಕ್ರದ ಮೇಲೆ ಕೂತು ತಿರುಗಿತು.

ಮೂರು ಹತ್ತಾಗಿತ್ತು. ಆಟೋದಲ್ಲಿ ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎರಡು ಸಿಗ್ನಲ್ಲಿನಲ್ಲೂ ಕೆಂಪು ದೀಪ.

“ಸ್ವಲ್ಪ ಬೇಗ ಹೋಗಪ್ಪ.”

“ಹಾರ್ಸ್ಕೊಂಡು ಹೋಗ್ಲಾ ಸಾರ್? ಮುಂದೆ ಬಸ್ಸಿದೆ” ಎಂದ ಆಟೋದವನು.

*

ಇದೇ ಮೆಷಿನ್ನು, ಹದಿನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ. ರೀಲಣ್ಣ ತನ್ನ ರಿಪೇರಿ ಅಂಗಡಿಯಲ್ಲಿ ಟೆಸ್ಟ್ ಸ್ಪೂಲು ಓಡಿಸುತ್ತಿದ್ದ. ಎಣಿಕೆ ಒಂದರ ಹಿಂದೊಂದು ಬರುತ್ತಿತ್ತು. ಬಾಗಿಲಲ್ಲಿ ನೆರಳು ಬಿದ್ದು ತಲೆಯೆತ್ತಿದರೆ ಹತ್ತಿ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ, ಆಪರೇಷನ್ ಆಗಿ ತಿಂಗಳಾಗಿರಬೇಕು. ಕೈಯಲ್ಲಿ ಹಳೆಯ ರೇಡಿಯೊ.

ರೀಲಣ್ಣ ತಟಕ್ಕನೆ ಗುಂಡಿ ಒತ್ತಿ ಮೆಷಿನ್ನು ನಿಲ್ಲಿಸಿಬಿಟ್ಟ.

ಯಾಕೆ ಹಾಗೆ ಮಾಡಿದೆ ಎಂದು ಅವನು ತನ್ನನ್ನೇ ಸಾವಿರ ಸಲ ಕೇಳಿಕೊಂಡಿದ್ದಾನೆ. ಕಂಪನಿಯವರು ಎಸೆದರು ಎಂದು ಹೇಳಿದ ಸುಳ್ಳು ಬಯಲಾಗುತ್ತದೆ ಎಂಬ ಹೆದರಿಕೆ. ಅಷ್ಟೇ. ಎದುರಿಗೆ ನಿಂತವನ ಬಾಯಲ್ಲಿ ಮಾತು ಹೋಗಿದೆ, ಅವನ ಮಾತು ತನ್ನ ಮೇಜಿನ ಮೇಲಿದೆ, ‘ತಗೊಳೋ ಹತ್ತಿ’ ಎಂದು ಕೊಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ಕೊಡಲಿಲ್ಲ. ಹತ್ತಿ ಮೆಷಿನ್ನಿನ ಕಡೆ ಒಂದು ಸಲ ನೋಡಿದ. ಜೇಬಿನಿಂದ ಚೀಟಿ ತೆಗೆದು ಬರೆದ: ‘ಸ್ಟೇಷನ್ ತಿರುಗಿಸೋ ಗುಂಡಿ ಲೂಸಾಗಿದೆ.’ ಬೀದಿಯಿಂದ ಬರುವಾಗ ಅವನಿಗೆ ಕೇಳಿಸಿತ್ತೋ ಇಲ್ಲವೋ, ರೀಲಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಇನ್ನು ಕೇಳುವುದಕ್ಕೂ ಆಗುವುದಿಲ್ಲ.

*

ಹಾಸಿಗೆ ಅಂಗಡಿಯ ಮುಂದಿನ ಕೋಣೆಯಲ್ಲಿ ಹತ್ತಿಯನ್ನು ಮಲಗಿಸಿದ್ದರು. ಹಾಸಿಗೆ ಅವನೇ ಹೊಲಿದದ್ದು, ಅಂಚಿನ ಹೊಲಿಗೆ ನೋಡಿದರೇ ತಿಳಿಯುತ್ತಿತ್ತು. ಸುತ್ತ ಬಾಡಿಗೆ ಕುರ್ಚಿಗಳು, ಮೂವತ್ತು ನಲವತ್ತು ಜನ. ಗೋಡೆಯ ಹತ್ತಿರ ಹಾಡುಗಾರ ನಿಂತಿದ್ದ. ಈಗ ದಪ್ಪಗಾಗಿ, ತಲೆಗೆ ಬಣ್ಣ ಹಾಕಿ, ಕಪ್ಪು ಕನ್ನಡಕ ಏರಿಸಿದ್ದ. ಕಾಲ ಬಳಿ ದೊಡ್ಡ ಸ್ಪೀಕರ್ ಇತ್ತು. ರೀಲಣ್ಣ ಮೆಷಿನ್ನು ಹೊತ್ತು ಒಳಗೆ ಬರುತ್ತಿದ್ದಂತೆ ಅವನು ತೋಳು ಚಾಚಿದ.

“ಬಂದ್ಯಾ ರೀಲು? ಇದೇನೋ, ಪೆಟ್ಟಿಗೆ ಹೊತ್ಕೊಂಡು? ನಾನು ಎಲ್ಲಾ ರೆಡಿ ಮಾಡಿದೀನಿ. ಮೊದಲನೇ ಕ್ಯಾಸೆಟ್ಟಿನ ಹಾಡು ಹಾಕ್ತೀನಿ, ಎರಡು ಮಾತಾಡ್ತೀನಿ. ಇವನ ಕೈ ಎಂಥಾ ಮೆದು ಕೈ ಅಂತ ಜನಕ್ಕೆ ಗೊತ್ತಾಗ್ಲಿ.”

“ಅದ್ರಲ್ಲಿ ಅಪ್ಪನ ದನಿ ಎಲ್ಲಿದೆ ಅಂಕಲ್?” ಎಂದಳು ಮಗಳು. ಅಂಗಡಿಯನ್ನು ಈಗ ನಡೆಸುವವಳು ಅವಳೇ, ಗಿರಾಕಿಗಳ ಜೊತೆ ಮಾತಾಡಿ ಗಟ್ಟಿಯಾದ ದನಿ. “ನಿಮ್ಮ ದನಿ ದಿನಾ ರೇಡಿಯೊದಲ್ಲಿ ಬರತ್ತೆ. ಮಾಮ, ಇಲ್ಲಿಡಿ.”

ಹೊಲಿಗೆಯ ಮೇಜಿನ ಮೇಲಿದ್ದ ಬಟ್ಟೆಯ ಸುರುಳಿಗಳನ್ನು ಅವಳು ಒಂದೇ ಕೈಯಲ್ಲಿ ಸರಿಸಿದಳು. ಮೇಜಿನ ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದರು. ಹತ್ತಿ ತನಗಿಂತ ಎರಡು ವರ್ಷಕ್ಕೆ ದೊಡ್ಡವನಾದ್ದರಿಂದ ಅವನ ಹೆಂಡತಿಯನ್ನು ರೀಲಣ್ಣ ಮೊದಲಿನಿಂದಲೂ ಅತ್ತಿಗೆ ಎಂದೇ ಕರೆಯುತ್ತಿದ್ದ. ಅಳು ಮುಗಿದ ಮುಖ. ಅವನನ್ನು ಕಂಡು ತಲೆಯಾಡಿಸಿದರು, ಮೆಷಿನ್ನಿನ ಕಡೆ ನೋಡಲಿಲ್ಲ.

ಪ್ಲಗ್ಗು ಹಾಕಿದ. ಸ್ಪೂಲು ಕೂರಿಸಿ, ಟೇಪಿನ ತುದಿಯನ್ನು ಖಾಲಿ ಸ್ಪೂಲಿಗೆ ಸಿಕ್ಕಿಸಿದ. ಮಗಳು ಮೊಬೈಲು ತೆಗೆದು ರೆಕಾರ್ಡ್ ಒತ್ತಿ ಹಿಡಿದಳು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ರೀಲಣ್ಣ ಗುಂಡಿ ಒತ್ತಿದ.

ಕೀಚಲು ದನಿಯೊಂದು ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಗಡಗಡನೆ ಏನೋ ಒದರಿತು. ಹಿಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕು ಬಾಯಿಗೆ ಸೆರಗು ಒತ್ತಿಕೊಂಡರು. ಮಗಳ ಮುಖ ಕಪ್ಪಿಟ್ಟಿತು.

“ಇದು ಅವನಲ್ಲ ಬಿಡೋ” ಎಂದ ಹಾಡುಗಾರ.

ರೀಲಣ್ಣ ತಕ್ಷಣ ನಿಲ್ಲಿಸಿದ. ಬೆವರು ಕಣ್ಣಿಗಿಳಿಯಿತು. ಟ್ಯೂಬಿನ ರಬ್ಬರು ದಪ್ಪ, ಅದಕ್ಕೇ ಟೇಪು ಜೋರಾಗಿ ಓಡುತ್ತಿದೆ. ಬೇರೆ ಬೆಲ್ಟು ಕೊಯ್ಯುವುದಕ್ಕೆ ಹೊತ್ತಿಲ್ಲ. ಟೇಪು ಉಜ್ಜಿಕೊಂಡು ಹೋಗುವ ಹೆಡ್ಡಿನ ಕೆಳಗೆ ಆಗಲೇ ಚಿಟಿಕೆಯಷ್ಟು ಕಂದು ಪುಡಿ ಬಿದ್ದಿತ್ತು. ಓಡಿಹೋದ ಎರಡು ಮೂರು ತುಂಡುಗಳು ಹೋದಂತೆಯೇ. ಅವನು ಮತ್ತೆ ಗುಂಡಿ ಒತ್ತಿ, ಬಿಚ್ಚಿಕೊಳ್ಳುತ್ತಿದ್ದ ಸ್ಪೂಲಿನ ಅಂಚಿನ ಮೇಲೆ ಬೆರಳಿಟ್ಟ. ದನಿ ಕೊಂಚ ಇಳಿಯಿತು.

“ಅತ್ತಿಗೆ, ನೀವು ಹೇಳಿ. ಇದಾ?”

ಅತ್ತಿಗೆ ಕತ್ತು ತಿರುಗಿಸಿದರು. “ಅಲ್ಲ. ಇನ್ನೂ ಕೆಳಗೆ.”

“ಇದು?”

“ಈಗ ಜಾಸ್ತಿ ಆಯ್ತು. ನಿದ್ದೆಗಣ್ಣಲ್ಲಿ ಮಾತಾಡಿದ ಹಾಗಿದೆ.”

“ಇದು ಸರಿ ಅಲ್ವಾ?”

“ಎಲ್ಲಿ ಸರಿ? ಅವ್ರು ಮೂರನ್ನ ಹಾಗೆ ಅಂತಿರ್ಲಿಲ್ಲ.”

ರೀಲಣ್ಣ ಕಕ್ಕಾಬಿಕ್ಕಿಯಾದ. ಎಷ್ಟು ಸಾವಿರ ಸಲ ಕೇಳಿದ ಎಣಿಕೆ, ಈಗ ಯಾವುದು ಸರಿ ಎಂದು ಅವನಿಗೇ ಹೊಳೆಯುತ್ತಿಲ್ಲ. ಅಷ್ಟು ವರ್ಷ ಅವನು ಕೇಳಿದ್ದು ಮೋಟಾರನ್ನು, ಬೆಲ್ಟನ್ನು. ಹತ್ತಿಯನ್ನು ಒಂದು ದಿನವೂ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಕೈ ತೆಗೀರಿ” ಎಂದರು ಅತ್ತಿಗೆ. ಕುರ್ಚಿಯಿಂದ ಎದ್ದು ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಸ್ಪೂಲಿನ ಮೇಲೆ ತಮ್ಮ ಹೆಬ್ಬೆರಳಿಟ್ಟರು. ಹಾಸಿಗೆ ಸೂಜಿ ತಳ್ಳಿ ತಳ್ಳಿ ಗಟ್ಟಿಯಾದ ಬೆರಳು. ಕಣ್ಣು ಮುಚ್ಚಿದರು. ಒತ್ತಿದರು, ಒಂದಿಷ್ಟು ಸಡಿಲಿಸಿದರು, ಮತ್ತೆ ಒತ್ತಿದರು. ದನಿ ಅತ್ತಿತ್ತ ಓಲಾಡಿ, ಇಳಿದು, ಒಂದು ಕಡೆ ನಿಂತಿತು.

“ಎಲ್ಲಾ ಕೂತ್ರಾ? ಹ್ಞಾಂ... ಒಂದು... ಎರಡು... ಮೂರು... ನಾಕು.”

ನಾಕು ಆದ ಮೇಲೆ ಹಾಡು ಬರಲಿಲ್ಲ, ಮುಂದಿನ ತುಂಡು ಬಂತು.

“ಕೆಮ್ಮೋದಿದ್ರೆ ಈಗಲೇ ಕೆಮ್ಕೊಂಬಿಡೋ... ಎಲ್ಲಾ ಕೂತ್ರಾ?”

“ಹ್ಞೂಂ” ಎಂದ ಹಾಡುಗಾರ. ಹೇಳಿದ ಮೇಲೆ ತಾನೇ ಬೆಚ್ಚಿ, ಹಿಂದಿದ್ದ ಹತ್ತಿಯ ಮೂಟೆಯ ಮೇಲೆ ಕುಸಿದು ಕನ್ನಡಕ ತೆಗೆದ.

“ಒಂದು... ಎರಡು... ಮೂರು... ನಾಕು.”

ರೀಲಣ್ಣನಿಗೆ ತಡೆಯಲಾಗಲಿಲ್ಲ. ಬಗ್ಗಿ ಅತ್ತಿಗೆಯ ಕಿವಿಯ ಬಳಿ ಶುರುಮಾಡಿದ. “ಅತ್ತಿಗೆ, ಇದನ್ನ ಕತ್ತರಿಸಿದ್ದು ಕಂಪನಿಯವರಲ್ಲ, ನಾನು. ಅವನಿಗೆ ಸುಳ್ಳು ಹೇಳ್ದೆ. ಆಪರೇಷನ್ ಆದ್ಮೇಲೆ ಅವನು ನನ್ನ ಅಂಗಡಿಗೆ ಬಂದಾಗ ಇದು ಓಡ್ತಿತ್ತು, ನಾನು...”

“ಶ್! ಸುಮ್ನಿರಿ” ಎಂದರು ಅತ್ತಿಗೆ, ಕಣ್ಣು ತೆರೆಯದೆ. “ಕೇಳ್ಸಲ್ಲ.”

ಅವನು ಮೆಷಿನ್ನಿನ ಪಕ್ಕಕ್ಕೆ ಸರಿದು ನಿಂತ.

ಎಣಿಕೆ ಬರುತ್ತಲೇ ಇತ್ತು. ಒಂದರಲ್ಲಿ ನಗು, ಒಂದರಲ್ಲಿ ಬೈಗುಳ, ಒಂದರಲ್ಲಿ ‘ಅಜ್ಜಿ ಎದ್ದಳಾ ನೋಡ್ರೋ’ ಎಂಬ ಪಿಸುಮಾತು. ಅತ್ತಿಗೆಯ ತುಟಿ ಜೊತೆಜೊತೆಗೆ ಅಲುಗುತ್ತಿತ್ತು. ದನಿ ಮರೆತುಹೋಗಿದೆ ಎಂದು ರಾತ್ರಿಯೆಲ್ಲ ಅತ್ತ ಹೆಂಗಸು ಅದು ಒಂದೆಳೆ ಮೇಲೇರಿದರೂ ಬೆರಳು ಬಿಗಿದು ಇಳಿಸುತ್ತಿದ್ದಳು. ಮೇಜಿನ ಮೇಲೆ ಕಂದು ಪುಡಿ ಉದುರುತ್ತಲೇ ಇತ್ತು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಯಾರೋ ಹೋಗಿ ಅವನನ್ನು ಸುಮ್ಮನಾಗಿಸಿ ಬಂದರು.

ಕೊನೆಯ ತುಂಡಿನಲ್ಲಿ ಮೂರರವರೆಗೆ ಮಾತ್ರ ಇತ್ತು. ಟೇಪಿನ ತುದಿ ಕಳಚಿಕೊಂಡು, ತುಂಬಿದ ಸ್ಪೂಲು ತಿರುಗಿದಷ್ಟೂ ಸಲ ಟಪ್ ಟಪ್ ಎಂದು ಮೆಷಿನ್ನಿಗೆ ಬಡಿಯತೊಡಗಿತು. ರೀಲಣ್ಣ ಅದನ್ನು ಆರಿಸಿದ. ಹೊರುವುದಕ್ಕೆಂದು ನಾಲ್ಕು ಜನ ಬಂದು ಹತ್ತಿಯ ಎರಡೂ ಬದಿಗೆ ಬಗ್ಗಿ ನಿಂತರು.

“ಹೊರಡೋಣಮ್ಮಾ” ಎಂದಳು ಮಗಳು.

ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಅತ್ತಿಗೆ ಕೈ ತೆಗೆಯಲಿಲ್ಲ. ಎಡಗಡೆಯ ಸ್ಪೂಲು ಖಾಲಿಯಾಗಿ ನಿಂತುಹೋಗಿತ್ತು. ಅವರು ಅದರ ಅಂಚನ್ನು ಹೆಬ್ಬೆರಳಿನಿಂದ ಅಷ್ಟೇ ಹದವಾಗಿ ಒತ್ತಿಹಿಡಿದೇ ಇದ್ದರು.